ಪದ ಪರಿಚಯ: ಚಕಮಕಿ

ಕೋಲಾರದ ಒಂದು ಗುಜರಿ ಅಂಗಡಿಯಲ್ಲಿ, ಹಳೇ ಬೀಗಗಳ ರಾಶಿಯೊಳಗೆ ಅದು ಬಿದ್ದಿತ್ತು. ಗೇಣುದ್ದಕ್ಕೆ ಸ್ವಲ್ಪ ಕಡಿಮೆ ಇರುವ ಕಬ್ಬಿಣದ ಪಟ್ಟಿ, ಅದರ ಮೇಲೆ ಹಂಸದ ಕತ್ತಿನ ಹಾಗೆ ಬಾಗಿದ ಕೊಕ್ಕೆ. "ಯಾವ್ದೋ ಪೆಟ್ಟಿಗೆ ಬೀಗ ಸಾರ್, ಕೀ ಇಲ್ಲ" ಅಂದರು ಅಂಗಡಿಯವರು. ಬೀಗ ಅಂದದ್ದು ಪೂರ್ತಿ ತಪ್ಪೇನಲ್ಲ. ಇಂಗ್ಲಿಷಿನವರೂ ಇದನ್ನು ಲಾಕ್ ಅಂತಲೇ ಕರೆಯುತ್ತಾರೆ. ಆದರೆ ಇದು ಚಕಮಕಿ ಬಂದೂಕಿನ ಭಾಗ.

ಚಕಮಕಿ ಅಂದರೆ ಈಗ ನೆನಪಾಗುವುದು ಪೇಪರಿನ ತಲೆಬರಹ. ಸದನದಲ್ಲಿ ಮಾತಿನ ಚಕಮಕಿ, ಗಡಿಯಲ್ಲಿ ಗುಂಡಿನ ಚಕಮಕಿ. ಮೂಲದಲ್ಲಿ ಇದು ತುರ್ಕಿ ಪದ. ಬಡಿ, ಕಿಡಿ ಹಾರಿಸು ಅಂತ ಅರ್ಥ. ಪಾರ್ಸಿ, ಉರ್ದು ಹಾದು ನಮ್ಮಲ್ಲಿಗೆ ಬಂತು. ತುರ್ಕಿಯಲ್ಲಿ ಇವತ್ತಿಗೂ ಸಿಗರೇಟ್ ಲೈಟರಿಗೆ ಇದೇ ಹೆಸರು!

ಬಂದೂಕಿನಲ್ಲಿ ಆ ಬಾಗಿದ ಕೊಕ್ಕೆಗೆ ಕನ್ನಡದಲ್ಲಿ ಕುದುರೆ ಅನ್ನುತ್ತಾರೆ. ಕುದುರೆಯ ಬಾಯಲ್ಲಿ ಕಲ್ಲಿನ ಚೂರು. ಜಾರದಿರಲಿ ಅಂತ ಸುತ್ತ ತೊಗಲಿನ ತುಂಡು. ಗುಂಡು ಹಾರಿಸುವಾಗ ಕುದುರೆ ನೆಗೆದು ಎದುರಿನ ಉಕ್ಕಿನ ತಗಡಿಗೆ ಬಡಿಯುತ್ತದೆ. ತಗಡು ಮಗುಚಿ, ಅದರಡಿಯ ಪುಟ್ಟ ಬಟ್ಟಲು ತೆರೆಯುತ್ತದೆ. ಬಟ್ಟಲಲ್ಲಿ ಚಿಟಿಕೆ ಮದ್ದು. ಅದಕ್ಕೆ ಕಿಡಿ ತಗುಲಿ, ಪಕ್ಕದ ತೂತಿನಿಂದ ಬೆಂಕಿ ನಳಿಗೆಯೊಳಕ್ಕೆ ಹೋಗುತ್ತದೆ. ಕಿಡಿ ಕಲ್ಲಿನದು ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಅಲ್ಲ, ಉರಿಯುವುದು ಕಲ್ಲು ಹೆರೆದು ಹಾಕಿದ ಉಕ್ಕಿನ ಪುಡಿ. ಮಳೆ ಬಂದು ಬಟ್ಟಲು ನೆನೆಯಿತೋ, ಬಂದೂಕು ಸುಮ್ನೆ ದೊಣ್ಣೆ.

1807ರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫಾರ್ಸಿತ್, ಬಡಿದರೆ ತಾನೇ ಸಿಡಿಯುವ ಮದ್ದಿನ ಯಂತ್ರಕ್ಕೆ ಪೇಟೆಂಟ್ ಪಡೆದರು. ಆಮೇಲೆ ಅಂಥ ಮದ್ದು ತುಂಬಿದ ಪುಟ್ಟ ಲೋಹದ ಟೋಪಿ, ಅಂದರೆ ಕೇಪು ಬಂತು. 1840ರ ದಶಕದಲ್ಲಿ ಬ್ರಿಟಿಷ್ ಸೇನೆಯೂ ಕೇಪಿನ ಕೋವಿಗೆ ಬದಲಾಯಿತು. ಎಷ್ಟೋ ಹಳೇ ಬಂದೂಕುಗಳ ಬಟ್ಟಲು ಕತ್ತರಿಸಿ, ಕುದುರೆ ಬದಲಿಸಿ ಕೇಪಿಗೆ ಹೊಂದಿಸಿದರು. ಸಂಗ್ರಹ ಮಾಡುವವರು ಹುಡುಕುವುದು ಹಾಗೆ ಬದಲಾಗದೆ ಉಳಿದದ್ದನ್ನು. ಅದಕ್ಕೇ ಈಗ ಹೊಸ ಬಟ್ಟಲು ಬೆಸೆದು, ಮತ್ತೆ ಚಕಮಕಿ ಮಾಡಿ ಮಾರುವವರೂ ಇದ್ದಾರೆ. ಹೇಳಿ ಮಾರಿದರೆ ರಿಪೇರಿ, ಹೇಳದಿದ್ದರೆ ಮೋಸ.

ಮನೆಗೆ ತಂದು ಎಣ್ಣೆ ಹಾಕಿ ತುಕ್ಕು ಉಜ್ಜಿದೆ. ಹಿಂಗಾಲ ಮೇಲೆ ನಿಂತು ಕಿರೀಟ ಹಿಡಿದ ಸಿಂಹ ಕಾಣಿಸಿತು. ಅದು 19ನೇ ಶತಮಾನದ ಈಸ್ಟ್ ಇಂಡಿಯಾ ಕಂಪನಿಯ ಗುರುತು. ಅದಕ್ಕೂ ಹಿಂದೆ ಹೃದಯದ ಆಕಾರದ ಮುದ್ರೆ ಇರುತ್ತಿತ್ತು. ಸಿಂಹವನ್ನೇ ನಂಬುವ ಹಾಗಿಲ್ಲ, ನಕಲಿಗೂ ಹೊಡೆಯುತ್ತಾರೆ. ನಾನು ನೋಡುವುದು ಉಕ್ಕಿನ ತಗಡನ್ನು. ಕೆಲಸ ಮಾಡಿದ ತಗಡಾದರೆ ಮೇಲಿಂದ ಕೆಳಗೆ ಗೀರು ಬಿದ್ದಿರುತ್ತವೆ. ಇದರಲ್ಲಿ ಇದ್ದವು.

ಇನ್ನು ಕಲ್ಲು. ಅಸಲಿ ಚಕಮಕಿ ಕಲ್ಲು ಸೀಮೆಸುಣ್ಣದಂಥ ಬಂಡೆಯಲ್ಲಿ ಹುಟ್ಟುವಂಥದು. ಬ್ರಿಟಿಷ್ ಸೇನೆಗೆ ಇಂಗ್ಲೆಂಡಿನ ಬ್ರಾಂಡನ್ ಎಂಬ ಊರಿನಲ್ಲಿ ಕೆತ್ತುತ್ತಿದ್ದರು. ನನಗೆ ಸಿಕ್ಕ ಕುದುರೆಯ ಬಾಯಲ್ಲಿ ಅದಿರಲಿಲ್ಲ. ಯಾರೋ ಬೆಣಚುಕಲ್ಲಿನ ಚೂರು ಸಿಕ್ಕಿಸಿದ್ದರು. ಕೋಲಾರದ ಯಾವ ಹೊಲದಲ್ಲಿ ಬಗ್ಗಿದರೂ ಸಿಗುವ ಅದೇ ಬಿಳಿ ಕಲ್ಲು.