ಪದ ಪರಿಚಯ: ಪ್ರಾದೇಶಿಕ ಆರ್ಥಿಕ ಏಕೀಕರಣ

ನನ್ನ ಅಕ್ಕನ ಮಗಳು ದೆಹಲಿಯಲ್ಲಿ ಕೆಲಸಕ್ಕಿದ್ದಾಳೆ. ಕಳೆದ ಬೇಸಿಗೆಯಲ್ಲಿ ಶಿರಸಿ ಹತ್ತಿರ ಒಂದು ಉಪನಯನಕ್ಕೆ ಬಂದಿದ್ದಳು. ಊಟದ ಪಂಕ್ತಿಯಲ್ಲಿ ಪಕ್ಕ ಕೂತಿದ್ದ ಹಿರಿಯರೊಬ್ಬರು ಕೇಳಿದರು, "ಕೂಸೆ, ನಿಂದು ಎಂತ ಕೆಲಸ?" ಅವರದು ಅಡಿಕೆ ತೋಟ. ಇವಳು ಸುಮ್ನೆ ಏನೋ ಹೇಳಿ ಮುಗಿಸಬಹುದಿತ್ತು. ಹಾಗೆ ಮಾಡದೆ, "ಪ್ರಾದೇಶಿಕ ಆರ್ಥಿಕ ಏಕೀಕರಣಕ್ಕೆ ಸಲಹೆ ಕೊಡೋದು" ಅಂದಳು. ಅವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ಏಕೀಕರಣ ಐವತ್ತಾರರಲ್ಲೇ ಮುಗೀತಲ್ಲೇ" ಅಂದರು.

ಸಾಲಿಡೀ ನಕ್ಕಿತು. ಆದರೆ ತಪ್ಪು ಅವರದಲ್ಲ, ಪದದ್ದು. ಏಕೀಕರಣ ಅಂದ ಕೂಡಲೇ ನಮ್ಮ ಜಿಲ್ಲೆಯವರಿಗೆ ನೆನಪಾಗುವುದು 1956ರ ನವೆಂಬರ್ 1. ಮುಂಬೈ ರಾಜ್ಯದಲ್ಲಿದ್ದ ಉತ್ತರ ಕನ್ನಡ ಅವತ್ತು ಮೈಸೂರು ರಾಜ್ಯಕ್ಕೆ ಸೇರಿತು. ಅಲ್ಲಿ ಒಂದು ಗಡಿ ಅಳಿಸಿಹೋಯಿತು. ಈ ಇನ್ನೊಂದು ಏಕೀಕರಣದಲ್ಲಿ ಯಾವ ಗಡಿಯೂ ಅಳಿಯುವುದಿಲ್ಲ. ಬಾವುಟ, ಸೈನ್ಯ, ಪಾಸ್‌ಪೋರ್ಟ್ ಎಲ್ಲ ಹಾಗೇ ಇರುತ್ತವೆ. ಅಕ್ಕಪಕ್ಕದ ದೇಶಗಳು ತಮ್ಮ ನಡುವಿನ ವ್ಯಾಪಾರಕ್ಕೆ ಇರುವ ಅಡ್ಡಿಗಳನ್ನು ಒಪ್ಪಂದ ಮಾಡಿಕೊಂಡು ಒಂದೊಂದಾಗಿ ತೆಗೆಯುತ್ತವೆ, ಅಷ್ಟೇ. ಯಾವ ಅಡ್ಡಿ ಎಲ್ಲಿದೆ, ತೆಗೆದರೆ ಯಾರಿಗೆ ಲಾಭ, ಯಾರಿಗೆ ಪೆಟ್ಟು ಅಂತ ಲೆಕ್ಕ ಹಾಕಿ ಹೇಳುವವರು ಸಲಹೆಗಾರರು. ಅಂದರೆ ಕನ್ಸಲ್ಟೆಂಟರು.

ಕಾರವಾರದವರಿಗೆ ಇದನ್ನು ಅರ್ಥ ಮಾಡಿಸಲು ಪುಸ್ತಕ ಬೇಡ. ಗೋವಾ ಗಡಿಯ ಮಾಜಾಳಿ ಇದೆಯಲ್ಲ. 1961ರ ಡಿಸೆಂಬರ್‌ವರೆಗೆ ಅದರಾಚೆ ಪೋರ್ಚುಗೀಸರ ಆಡಳಿತ. ಎರಡೂ ಕಡೆ ಕೊಂಕಣಿ ಮಾತು, ಎರಡೂ ಕಡೆ ನೆಂಟರು, ಆದರೂ ನಡುವೆ ಪರದೇಶದ ಗಡಿ. ಆಮೇಲೆ ದೇಶ ಒಂದೇ ಆಯಿತು, ತೆರಿಗೆ ಬೇರೆಬೇರೆಯೇ ಉಳಿಯಿತು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ದೇಶದ ಬಹುತೇಕ ರಾಜ್ಯಗಳ ಗಡಿಯಲ್ಲಿದ್ದ ಮಾರಾಟ ತೆರಿಗೆಯ ಚೆಕ್‌ಪೋಸ್ಟ್‌ಗಳು ಹೋದವು. ಆದರೆ ಮಾಜಾಳಿಯಲ್ಲಿ ಅಬಕಾರಿಯವರು ಇವತ್ತಿಗೂ ಡಿಕ್ಕಿ ತೆಗೆಸುತ್ತಾರೆ. ಯಾಕೆಂದರೆ ಮದ್ಯ ಜಿಎಸ್‌ಟಿಯ ಹೊರಗಿದೆ. ಗೋವಾದಲ್ಲಿ ಅಗ್ಗ, ಇಲ್ಲಿ ತುಟ್ಟಿ. ಎಲ್ಲದಕ್ಕೂ ಬಾಗಿಲು ತೆಗೆದು ಒಂದು ವಸ್ತುವಿಗೆ ಮಾತ್ರ ಚಿಲಕ ಹಾಕಿದ ಹಾಗೆ. ದೇಶಗಳ ಒಪ್ಪಂದಗಳಲ್ಲಿ ಇಂಥ ವಸ್ತುಗಳಿಗೆ ಒಂದು ಪಟ್ಟಿಯೇ ಇರುತ್ತದೆ. ಅದರ ಹೆಸರು 'ಸೂಕ್ಷ್ಮ ಪಟ್ಟಿ'. ಒಪ್ಪಂದದ ಮುನ್ನುಡಿಯಲ್ಲಿ ಸ್ನೇಹದ ಮಾತು ಎಷ್ಟೇ ಇರಲಿ, ನಾನಂತೂ ಮೊದಲು ತೆರೆಯುವುದು ಈ ಪಟ್ಟಿಯನ್ನು.

ಏಕೀಕರಣಕ್ಕೆ ಮೆಟ್ಟಿಲುಗಳಿವೆ. 1961ರಲ್ಲಿ ಬೇಲಾ ಬಲಾಶಾ ಎಂಬ ಹಂಗೇರಿ ಮೂಲದ ಅರ್ಥಶಾಸ್ತ್ರಜ್ಞರು ಅವನ್ನು ಜೋಡಿಸಿಟ್ಟರು. ಈಗಲೂ ಎಲ್ಲರೂ ಬಳಸುವುದು ಅದನ್ನೇ. ಮೊದಲ ಮೆಟ್ಟಿಲು ಮುಕ್ತ ವ್ಯಾಪಾರ ವಲಯ. ಸದಸ್ಯ ದೇಶಗಳು ತಮ್ಮತಮ್ಮಲ್ಲಿ ಸುಂಕ ತೆಗೆಯುತ್ತವೆ, ಹೊರಗಿನವರಿಗೆ ಎಷ್ಟು ಸುಂಕ ಅನ್ನುವುದು ಅವರವರ ಇಷ್ಟ. ಹೊರಗಿನವರಿಗೂ ಎಲ್ಲರೂ ಒಂದೇ ಸುಂಕ ಹಾಕಿದರೆ ಅದು ಎರಡನೆಯದು, ಸುಂಕ ಒಕ್ಕೂಟ. ಕೆಲಸಗಾರರು ಮತ್ತು ಬಂಡವಾಳ ಕೂಡ ಸಲೀಸಾಗಿ ಓಡಾಡಿದರೆ ಸಾಮಾನ್ಯ ಮಾರುಕಟ್ಟೆ. ಅದರ ಮೇಲಿನ ಮೆಟ್ಟಿಲುಗಳಲ್ಲಿ ಆರ್ಥಿಕ ನೀತಿಯೇ ಒಂದಾಗುತ್ತದೆ. ಅಷ್ಟು ಎತ್ತರಕ್ಕೆ ಹತ್ತಿದವರು ಯುರೋಪಿನವರು. ನಾವು, ಅಂದರೆ ದಕ್ಷಿಣ ಏಷ್ಯಾದವರು, ಮೊದಲನೇ ಮೆಟ್ಟಿಲಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದೇವೆ. ನಮ್ಮ ದೇಶಗಳ ಕೂಟ ಸಾರ್ಕ್ ಹುಟ್ಟಿದ್ದು 1985ರಲ್ಲಿ ಢಾಕಾದಲ್ಲಿ. ಅದರ ಮುಕ್ತ ವ್ಯಾಪಾರ ಒಪ್ಪಂದ 'ಸಾಫ್ಟಾ' ಜಾರಿಗೆ ಬಂದಿದ್ದು 2006ರಲ್ಲಿ. ಇಷ್ಟಾದರೂ ಈ ದೇಶಗಳು ಮಾಡುವ ಒಟ್ಟು ವ್ಯಾಪಾರದಲ್ಲಿ ತಮ್ಮತಮ್ಮ ನಡುವೆ ನಡೆಯುವುದು ಸುಮಾರು ಶೇ. 5 ಮಾತ್ರ. ಸಾರ್ಕ್ ಶೃಂಗಸಭೆ ಕೊನೆಯದಾಗಿ ಸೇರಿದ್ದು 2014ರಲ್ಲಿ, ಕಠ್ಮಂಡುವಿನಲ್ಲಿ.

ಮೊದಲ ಮೆಟ್ಟಿಲಲ್ಲೇ ಒಂದು ಜಾರು ಜಾಗ ಇದೆ. ಶಿರಸಿ, ಸಿದ್ದಾಪುರದ ಕಡೆ ತೋಟದವರಿಗೆ ಇದು ಚೆನ್ನಾಗಿ ಗೊತ್ತು, ಹೆಸರು ಗೊತ್ತಿಲ್ಲದಿದ್ದರೂ. ಅಡಿಕೆ ಮರಕ್ಕೆ ಹಬ್ಬಿಸಿದ ಕಾಳುಮೆಣಸಿನ ಬಳ್ಳಿಯನ್ನೇ ತಗೊಳ್ಳಿ. ಹೊರದೇಶದ ಮೆಣಸಿಗೆ ಭಾರತದಲ್ಲಿ ಸುಂಕ ಜಾಸ್ತಿ. ಶ್ರೀಲಂಕಾದ ಜೊತೆ ನಮಗೆ ಒಪ್ಪಂದ ಇದೆ. 1998ರಲ್ಲಿ ಸಹಿ ಬಿತ್ತು, 2000ದಲ್ಲಿ ಜಾರಿಯಾಯಿತು. ಅದರಡಿ ವರ್ಷಕ್ಕೆ 2,500 ಟನ್ ಮೆಣಸು ಸುಂಕ ಇಲ್ಲದೆ ಬರಬಹುದು. ಹಾಗಾದರೆ ವಿಯೆಟ್ನಾಂ ಮೆಣಸನ್ನು ಕೊಲಂಬೊದಲ್ಲಿ ಇಳಿಸಿ, ಚೀಲ ಬದಲಿಸಿ, 'ಲಂಕಾದ್ದು' ಅಂತ ಇಲ್ಲಿಗೆ ಕಳಿಸಿದರೆ? ಹಾಗೆ ಆಗುತ್ತಿದೆ ಅನ್ನುವುದು ಬೆಳೆಗಾರರ ದೂರು. ದರವೂ ಕುಸಿಯುತ್ತಿತ್ತು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆಮದು ಮೆಣಸಿಗೆ ಕಿಲೋಗೆ 500 ರೂಪಾಯಿ ಕನಿಷ್ಠ ಬೆಲೆ ಕಟ್ಟಿತು. ಅದಕ್ಕಿಂತ ಕಡಿಮೆ ದರದ್ದು ಒಳಗೆ ಬರುವ ಹಾಗಿಲ್ಲ ಅಂತ.

ಈ ಜಾರು ಜಾಗಕ್ಕೆ ಹಾಕುವ ತಡೆಗೋಡೆಯ ಹೆಸರು 'ಮೂಲದ ನಿಯಮ'. ವಸ್ತು ಎಲ್ಲಿಂದ ಬಂತು ಅನ್ನುವುದಲ್ಲ, ಎಲ್ಲಿ ಹುಟ್ಟಿತು ಅನ್ನುವುದು ಪ್ರಶ್ನೆ. ಮೆಣಸಿನಂಥ ಬೆಳೆಗೆ ಉತ್ತರ ಸುಲಭ, ಆ ನೆಲದಲ್ಲೇ ಬೆಳೆದಿರಬೇಕು. ಕಾರ್ಖಾನೆಯ ಮಾಲಿಗೆ ತಲೆನೋವು. ಸಾಫ್ಟಾ ಪ್ರಕಾರ ಭಾರತದ ಮಾಲಿನಲ್ಲಿ ಕನಿಷ್ಠ ಶೇ. 40ರಷ್ಟು ಮೌಲ್ಯ ಇಲ್ಲಿಯದೇ ಆಗಿರಬೇಕು. ಬಾಂಗ್ಲಾದೇಶ, ನೇಪಾಳದಂಥ ಹಿಂದುಳಿದ ದೇಶಗಳಿಗೆ ಶೇ. 30 ಸಾಕು. ಇದರಲ್ಲೂ ಜಾಣರಿಗೆ ದಾರಿ ಸಿಗುತ್ತದೆ. ಶ್ರೀಲಂಕಾ ಒಪ್ಪಂದ ಬಂದ ಮೇಲೆ ಭಾರತದವರೇ ಹೋಗಿ ಅಲ್ಲಿ ವನಸ್ಪತಿ, ಅಂದರೆ ಡಾಲ್ಡಾದಂಥ ಗಟ್ಟಿ ಎಣ್ಣೆಯ ಕಾರ್ಖಾನೆ ಹಾಕಿದರು. ತಾಳೆ ಎಣ್ಣೆಗೆ ಅಲ್ಲಿ ಸುಂಕ ಕಡಿಮೆ, ಇಲ್ಲಿ ಜಾಸ್ತಿ. ಎಣ್ಣೆ ಅಲ್ಲಿ ತರಿಸಿ, ವನಸ್ಪತಿ ಮಾಡಿ, ಸುಂಕವಿಲ್ಲದೆ ಭಾರತಕ್ಕೆ ಕಳಿಸಿದರು. ಕೊನೆಗೆ ಭಾರತ ವರ್ಷಕ್ಕೆ ಇಷ್ಟೇ ಅಂತ ಮಿತಿ ಹಾಕಬೇಕಾಯಿತು.

ಇನ್ನು ಕನ್ಸಲ್ಟೆಂಟ್ ಮಾಡುವುದೇನು? ಸೂಟ್ ಹಾಕಿಕೊಂಡು ಮಂತ್ರಿಗಳಿಗೆ ಬುದ್ಧಿ ಹೇಳುವುದು ಅಂತ ನಾನು ತಿಳಿದಿದ್ದೆ. ಅಕ್ಕನ ಮಗಳು ಹೇಳಿದ್ದು ಬೇರೆ. "ಮಾವ, ಮೊದಲ ಆರು ವಾರ ನಾನು ಮಾಡಿದ್ದು ಲಾರಿ ಎಣಿಸೋದು." ಗಡಿಯಲ್ಲಿ ಒಂದು ಶೆಡ್ಡಿನ ಕೆಳಗೆ ಕುರ್ಚಿ. ಲಾರಿ ಸಾಲಿಗೆ ಬಂದ ಹೊತ್ತು, ಕಾಗದ ಕೊಟ್ಟ ಹೊತ್ತು, ತಪಾಸಣೆ ಆದ ಹೊತ್ತು, ಗೇಟು ದಾಟಿದ ಹೊತ್ತು. ಎಲ್ಲ ಬರೆಯಬೇಕು. ಆಮೇಲೆ ಎಲ್ಲಿ ಎಷ್ಟು ತಾಸು ಹಾಳಾಯಿತು ಅಂತ ಬಿಡಿಸಿ ನೋಡಬೇಕು. ಕಸ್ಟಮ್ಸ್‌ನವರು ತಡ ಮಾಡುತ್ತಾರೆ ಅಂತ ಎಲ್ಲರೂ ಬೈಯುತ್ತಾರಂತೆ. ಅವಳ ಪಟ್ಟಿಯಲ್ಲಿ ಜಾಸ್ತಿ ಹೊತ್ತು ತಿಂದಿದ್ದು ಪಾರ್ಕಿಂಗ್ ಜಾಗ.

ಸುಂಕ ಸೊನ್ನೆ ಆದ ಮೇಲೂ ಲಾರಿ ನಿಂತೇ ಇರುತ್ತದೆ. ಈ ಕೆಲಸದ ತಿರುಳು ಇರುವುದು ಇಲ್ಲೇ. ಪಶ್ಚಿಮ ಬಂಗಾಳದ ಪೆಟ್ರಾಪೋಲ್‌ನಲ್ಲಿ ಭಾರತದ ಲಾರಿ ಗಡಿ ದಾಟಿ ಬೆನಾಪೋಲ್‌ವರೆಗೆ ಹೋಗುತ್ತದೆ, ಅಷ್ಟೇ. ಅಲ್ಲಿ ಮಾಲು ಇಳಿಸಿ ಬಾಂಗ್ಲಾದ ಲಾರಿಗೆ ತುಂಬಬೇಕು. ಲಾರಿಯೇ ನೇರ ಢಾಕಾಗೆ ಹೋಗಲಿ ಅಂತ 2015ರ ಜೂನ್‌ನಲ್ಲಿ ಥಿಂಪುವಿನಲ್ಲಿ ಬಾಂಗ್ಲಾದೇಶ, ಭೂತಾನ್, ಭಾರತ, ನೇಪಾಳ ವಾಹನ ಒಪ್ಪಂದಕ್ಕೆ ಸಹಿ ಹಾಕಿದವು. ಸಹಿ ಆಗಿದ್ದು ಭೂತಾನದಲ್ಲಿ, ಒಪ್ಪಿಗೆ ಕೊಡದೆ ಉಳಿದದ್ದು ಭೂತಾನದ ಸಂಸತ್ತಿನ ಮೇಲ್ಮನೆ. ಪುಟ್ಟ ದೇಶ, ಕಿರಿದಾದ ರಸ್ತೆ, ಹೊರಗಿನ ಲಾರಿಗಳು ಸಾಲುಗಟ್ಟಿ ನುಗ್ಗಿದರೆ ಏನು ಗತಿ ಅನ್ನುವ ಭಯ. ಘಟ್ಟದ ರಸ್ತೆಯಲ್ಲಿ ಅದಿರು ಲಾರಿಗಳ ಹಿಂದೆ ಧೂಳು ಕುಡಿದ ನಮಗೆ ಆ ಭಯ ಅರ್ಥವಾಗುತ್ತದೆ.

ಸುಂಕ ಅಲ್ಲದ ಇಂಥ ತಡೆಗಳಲ್ಲಿ ತಪಾಸಣೆಯ ನಿಯಮವೂ ಒಂದು. ಕಾರವಾರದ ಮೀನು ವ್ಯಾಪಾರಿಗಳಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. 2018ರಲ್ಲಿ, ಮೀನು ಕೆಡದಂತೆ ಫಾರ್ಮಾಲಿನ್ ಎಂಬ ರಾಸಾಯನಿಕ ಹಾಕುತ್ತಾರೆ ಅನ್ನುವ ಗಲಾಟೆ ಎದ್ದಾಗ ಗೋವಾ ಸರ್ಕಾರ ಹೊರರಾಜ್ಯದ ಮೀನಿಗೆ ನೋಂದಣಿ ಬೇಕು, ತಂಪು ಕಾಯುವ ಇನ್ಸುಲೇಟೆಡ್ ಗಾಡಿ ಬೇಕು ಅಂದಿತು. ಬೆಳಿಗ್ಗೆ ಹಿಡಿದ ಬಂಗಡೆ ಮಧ್ಯಾಹ್ನದೊಳಗೆ ಮಡಗಾಂವ್ ಮುಟ್ಟಿಸುವ ಸಣ್ಣ ಟೆಂಪೋದವನು ಅಂಥ ಗಾಡಿ ಎಲ್ಲಿಂದ ತರಬೇಕು? ನಿಯಮ ತಪ್ಪು ಅಂತ ಹೇಳಲಾಗದು, ವಿಷದ ಮೀನು ಯಾರಿಗೂ ಬೇಡ. ಆದರೆ ಆರೋಗ್ಯದ ಕಾಳಜಿ ಎಲ್ಲಿ ಮುಗಿಯಿತು, ಪಕ್ಕದವನ ಮಾಲು ತಡೆಯುವ ಆಸೆ ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯುವುದು ಕಷ್ಟ. ದೇಶಗಳ ನಡುವೆ ಇದು ದಿನವೂ ಇರುವ ಜಗಳ. ಇಲ್ಲಿ ಸಲಹೆಗಾರರು ಕೊಡುವ ಮದ್ದು ದೊಡ್ಡದೇನಲ್ಲ: ಒಂದು ದೇಶದ ಪ್ರಯೋಗಾಲಯದ ವರದಿಯನ್ನು ಇನ್ನೊಂದು ದೇಶ ಒಪ್ಪಿಕೊಳ್ಳುವುದು, ಗಡಿಯ ಹತ್ತಿರವೇ ಪ್ರಯೋಗಾಲಯ ಮಾಡುವುದು, ಎರಡೂ ಕಡೆಯ ಅಧಿಕಾರಿಗಳು ಒಂದೇ ಕಟ್ಟಡದಲ್ಲಿ ಕೂರುವುದು. ಕೀನ್ಯಾ ಮತ್ತು ಉಗಾಂಡದ ನಡುವಿನ ಬುಸಿಯಾದಲ್ಲಿ ಹೀಗೇ ಮಾಡಿದ್ದಾರೆ. ಲಾರಿ ಎರಡು ಸಲ ನಿಲ್ಲುವುದಿಲ್ಲ, ಒಂದೇ ಸಲ.

ಅವಳು ಹೇಳಿದ್ದರಲ್ಲಿ ನನಗೆ ಹಿಡಿಸಿದ್ದು 'ಕನ್ನಡಿ ಲೆಕ್ಕ'. ಒಂದು ದೇಶ ಇಷ್ಟು ಮಾಲು ಕಳಿಸಿದೆ ಅಂತ ಬರೆದಿರುತ್ತದೆ. ಇನ್ನೊಂದು ದೇಶ ಇಷ್ಟು ಬಂದಿದೆ ಅಂತ ಬರೆದಿರುತ್ತದೆ. ಎರಡೂ ಎದುರುಬದುರು ಇಟ್ಟು ನೋಡಬೇಕು. ಹೊಂದಲಿಲ್ಲ ಅಂದರೆ ಕಳ್ಳದಾರಿ ಇರಬಹುದು, ಸುಳ್ಳು ಬೆಲೆ ಇರಬಹುದು, ಇಲ್ಲವೇ ಗುಮಾಸ್ತನ ಕೈತಪ್ಪು. ಹಾಗೆಯೇ, ಒಂದು ದೇಶ ಬೆಳೆಯುವುದಕ್ಕಿಂತ ಜಾಸ್ತಿ ಮೆಣಸು ರಫ್ತು ಮಾಡಿದೆ ಅಂದರೆ ಉಳಿದದ್ದು ಎಲ್ಲಿಯದು ಅಂತ ಕೇಳಲೇಬೇಕಲ್ವಾ?

ಇನ್ನೊಂದು ಲೆಕ್ಕ ಬೊಕ್ಕಸದ್ದು. ಬಡ ದೇಶಗಳಿಗೆ ಸುಂಕವೇ ದೊಡ್ಡ ಆದಾಯ. ಅದನ್ನು ಬಿಟ್ಟುಕೊಟ್ಟರೆ ಶಾಲೆ, ಆಸ್ಪತ್ರೆಗೆ ದುಡ್ಡು ಎಲ್ಲಿಂದ? ಆಫ್ರಿಕಾದ ದಕ್ಷಿಣದ ಸುಂಕ ಒಕ್ಕೂಟ 1910ರಷ್ಟು ಹಳೆಯದು. ಅಲ್ಲಿ ಸುಂಕವನ್ನು ಒಂದು ಹುಂಡಿಗೆ ಹಾಕಿ ಸೂತ್ರದ ಪ್ರಕಾರ ಹಂಚುತ್ತಾರೆ. ಲೆಸೊಥೊದಂಥ ಸಣ್ಣ ದೇಶ ಆ ಪಾಲನ್ನೇ ನಂಬಿಕೊಂಡಿದೆ. ಹಂಚಿಕೆ ಕೆಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಪೂರ್ವ ಆಫ್ರಿಕಾ ನೋಡಿ. ಕೀನ್ಯಾ, ಉಗಾಂಡ, ತಾಂಜಾನಿಯ 1967ರಲ್ಲಿ ಸಮುದಾಯ ಕಟ್ಟಿದವು. ರೈಲು, ಬಂದರು, ವಿಮಾನ ಕಂಪನಿ ಎಲ್ಲ ಜಂಟಿ. ಲಾಭ ಪೂರಾ ಕೀನ್ಯಾಕ್ಕೇ ಅನ್ನುವ ಅಸಮಾಧಾನ, ಜೊತೆಗೆ ಉಗಾಂಡದ ಸರ್ವಾಧಿಕಾರಿ ಇದಿ ಅಮೀನನ ಕಾಲದ ರಾಜಕೀಯ. 1977ರಲ್ಲಿ ಮುರಿದುಬಿತ್ತು. ಅವಿಭಕ್ತ ಕುಟುಂಬ ಪಾಲಾದಂತೆ ರೈಲುಗಳನ್ನೂ ವಿಮಾನಗಳನ್ನೂ ಹಂಚಿಕೊಂಡರು. ಮತ್ತೆ ಒಂದಾಗಿದ್ದು 2000ದಲ್ಲಿ. ಈ ಸಲ ಸುಂಕ ಒಕ್ಕೂಟವನ್ನು 2005ರಲ್ಲಿ ಶುರು ಮಾಡಿದಾಗ, ಕೀನ್ಯಾದ ಕೆಲವು ಮಾಲುಗಳಿಗೆ ಐದು ವರ್ಷ ಸ್ವಲ್ಪ ಸುಂಕ ಉಳಿಸಿಕೊಂಡರು. ಪಕ್ಕದವರು ಅಷ್ಟರಲ್ಲಿ ಚೇತರಿಸಿಕೊಳ್ಳಲಿ ಅಂತ.

ಈ ಕೆಲಸಕ್ಕೆ ದುಡ್ಡು ಕೊಡುವವರು ಹೆಚ್ಚಾಗಿ ವಿಶ್ವಬ್ಯಾಂಕ್, ಮನಿಲಾದಲ್ಲಿರುವ ಏಷ್ಯನ್ ಅಭಿವೃದ್ಧಿ ಬ್ಯಾಂಕ್, ಶ್ರೀಮಂತ ದೇಶಗಳ ನೆರವಿನ ಸಂಸ್ಥೆಗಳು. ಏನು ಮಾಡಬೇಕು ಅಂತ ಅವರು ಮೊದಲೇ ಒಂದು ಕಾಗದ ಕೊಡುತ್ತಾರೆ. ಅದನ್ನು ಟಿಓಆರ್ ಅನ್ನುತ್ತಾರೆ. ನನ್ನ ತಕರಾರು ಆ ಕಾಗದದ ಮೇಲೆ. 'ವ್ಯಾಪಾರ ಹೇಗೆ ಹೆಚ್ಚಿಸಬೇಕು' ಅಂತ ಅದರಲ್ಲಿ ಬರೆದಿದ್ದರೆ, 'ಹೆಚ್ಚಿಸಬೇಕಾ' ಅಂತ ಕೇಳುವ ಅಧ್ಯಾಯ ವರದಿಯಲ್ಲಿ ಇರುವುದಿಲ್ಲ. ಕರಡು ವರದಿ ಒಪ್ಪಿಸುವ ಸಭೆ ಹೋಟೆಲಿನಲ್ಲಿ ನಡೆಯುತ್ತದೆ. ಅಲ್ಲಿ ಅಧಿಕಾರಿಗಳು, ರಫ್ತುದಾರರು ಇರುತ್ತಾರೆ. ತೋಟದವರು, ಟೆಂಪೋದವರು ಕಡಿಮೆ.

ಪಂಕ್ತಿಯ ಮಾತಿಗೆ ವಾಪಸ್ ಬರುತ್ತೇನೆ. ಮಜ್ಜಿಗೆ ಬರುವಷ್ಟರಲ್ಲಿ ಇವಳು ಇದನ್ನೆಲ್ಲ ಅವರಿಗೆ ಅರ್ಧಂಬರ್ಧ ಹೇಳಿದ್ದಳು. ಅಡಿಕೆಯ ವಿಷಯಕ್ಕೂ ಬಂದಳು. ಆಮದು ಅಡಿಕೆಗೆ 2023ರಿಂದ ಕಿಲೋಗೆ 351 ರೂಪಾಯಿ ಕನಿಷ್ಠ ಬೆಲೆ ಇದೆ, ಆದರೆ ಅದಕ್ಕೂ ಮೊದಲೇ, 2022ರಲ್ಲಿ, ಭೂತಾನಕ್ಕೆ ಮಾತ್ರ ಕನಿಷ್ಠ ಬೆಲೆಯ ನಿರ್ಬಂಧ ಬಿಟ್ಟು ವರ್ಷಕ್ಕೆ 17,000 ಟನ್ ತರಲು ಒಪ್ಪಿಗೆ ಕೊಟ್ಟಿದ್ದಾರೆ ಅಂದಳು.

ಅವರು ಕೈ ತಡೆದರು. "ಹಸಿದಾ, ಒಣಗಿದ್ದಾ?"

"ಹಸಿ ಅಡಿಕೆ."

"ಹಂಗಾರೆ ಸುಲಿದು ಒಣಗಿಸಿದ ಮೇಲೆ ಎಷ್ಟು ಕ್ವಿಂಟಲ್ ಉಳೀತು, ಅದನ್ನ ಹೇಳು. ನಮಗೆ ಪೆಟ್ಟು ಬೀಳೋದು ಅದರ ಲೆಕ್ಕದಲ್ಲಿ."

ಇವಳಿಗೆ ಗೊತ್ತಿರಲಿಲ್ಲ. ಎಡಗೈಯಲ್ಲಿ ಫೋನ್ ತೆಗೆದು, ಎಲೆಯ ಮುಂದೆ ಕೂತಲ್ಲೇ, ಆ ಪ್ರಶ್ನೆ ಬರೆದುಕೊಂಡಳು.