ಅದಿರಿನೊಳಗಿನ ನೀರು, ಹಡಗಿನವರ ಜೀವ

ಚಿತ್ರದುರ್ಗಕ್ಕೆ ಸಮುದ್ರವಿಲ್ಲ. ಆದರೂ ಸರಕು ಹಡಗಿನಲ್ಲಿ ದುಡಿಯುವವರ ಜೀವಕ್ಕೂ ನಮ್ಮ ಜಿಲ್ಲೆಗೂ ನಂಟಿದೆ. ಭೀಮಸಮುದ್ರ, ಹೊಳಲ್ಕೆರೆ ಕಡೆ ಅಗೆದ ಕಬ್ಬಿಣದ ಅದಿರು ಲಾರಿ, ರೈಲು ಹತ್ತಿ ಬಂದರಿಗೆ ಹೋಗುತ್ತಿದ್ದ ಕಾಲ ಇಲ್ಲಿನವರಿಗೆ ಚೆನ್ನಾಗಿ ನೆನಪಿದೆ. ಅಡಿಕೆ ತೋಟದ ಮೇಲೆ ಕೂತ ಕೆಂಪು ಧೂಳಿನ ಬಗ್ಗೆ ಆಗ ತುಂಬಾ ಮಾತಾಯಿತು, ಆಗಲೇಬೇಕಿತ್ತು. ಅದೇ ಪುಡಿ ಮಳೆಯಲ್ಲಿ ನೆನೆದು ಹಡಗು ಸೇರಿದರೆ ಏನಾಗುತ್ತೆ ಅನ್ನೋದು ಮಾತ್ರ ನಮ್ಮ ಕಿವಿಗೆ ಅಷ್ಟಾಗಿ ಬೀಳಲಿಲ್ಲ.

2009ರ ಜುಲೈ. ನವಮಂಗಳೂರು ಬಂದರಿನಲ್ಲಿ ಅದಿರಿನ ಪುಡಿ ತುಂಬಿಕೊಂಡು ಹೊರಟ 'ಏಷ್ಯನ್ ಫಾರೆಸ್ಟ್' ಹಡಗು ಕರಾವಳಿ ದಾಟುವ ಮೊದಲೇ ವಾಲಿ ಮುಳುಗಿತು. ಸಿಬ್ಬಂದಿ ಬದುಕಿಕೊಂಡರು. ಎರಡೇ ತಿಂಗಳಲ್ಲಿ ಒಡಿಶಾದ ಪಾರಾದೀಪ್ ಬಳಿ 'ಬ್ಲ್ಯಾಕ್ ರೋಸ್' ಮುಳುಗಿತು. ಅದರಲ್ಲೂ ಇದ್ದದ್ದು ಅದಿರಿನ ಪುಡಿಯೇ. ಎರಡೂ ಮಳೆಗಾಲದಲ್ಲಿ ನಡೆದವು.

ಕಣ್ಣಿಗೆ ಒಣಗಿದಂತೆ ಕಾಣುವ ರಾಶಿಯಲ್ಲೂ ಕಣಗಳ ನಡುವೆ ನೀರಿರುತ್ತದೆ. ಎಂಜಿನ್ನಿನ ಅದುರು, ಅಲೆಗಳ ಹೊಡೆತ ಸೇರಿ ಪುಡಿ ಒತ್ತಾಗುತ್ತಾ ಹೋಗುತ್ತದೆ. ಜಾಗ ಕಡಿಮೆಯಾದಂತೆ ನೀರಿನ ಒತ್ತಡ ಏರುತ್ತದೆ. ಕೆರೆ ಅಂಚಿನ ಒದ್ದೆ ಮಣ್ಣನ್ನು ನಿಂತಲ್ಲೇ ತುಳಿದರೆ ನೀರು ಮೇಲೆ ಬಂದು ನೆಲ ತೆಳ್ಳಗಾಗುತ್ತೆ ಅಲ್ವಾ, ಹಾಗೆಯೇ. ಒಂದು ಹಂತದಲ್ಲಿ ಸಾವಿರಾರು ಟನ್ ಅದಿರು ಕೆಸರಾಗಿ ಹರಿಯತೊಡಗುತ್ತದೆ. ಹಡಗು ವಾಲಿದ ಕಡೆಗೇ ಅದೂ ಜಾರುತ್ತದೆ, ಪೂರ್ತಿ ವಾಪಸ್ ಬರುವುದಿಲ್ಲ. ಮುಂದಿನ ಅಲೆಗೆ ಇನ್ನಷ್ಟು ವಾಲುತ್ತದೆ. ಕೆಲವೊಮ್ಮೆ ಹಡಗು ಮಗುಚಲು ಕೆಲವೇ ನಿಮಿಷ ಸಾಕು. ಲೈಫ್‌ಬೋಟ್ ಇಳಿಸಲೂ ಸಮಯ ಸಿಗುವುದಿಲ್ಲ.

ಹಡಗಿಗೆ ಅತಿಯಾಗಿ ಭಾರ ಹೇರುವುದರ ವಿರುದ್ಧ ಕಾನೂನು ಬಂದು ತುಂಬಾ ಕಾಲವಾಯಿತು. ಬ್ರಿಟನ್ನಿನ ಸಂಸದ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಹೋರಾಟದಿಂದ 1876ರಲ್ಲೇ ಹಡಗಿನ ಮೈಮೇಲೆ ಗೆರೆ ಬಂತು. ಆದರೆ ಆ ಗೆರೆ ಎಷ್ಟು ಭಾರ ಅಂತ ಹೇಳುತ್ತದೆ, ಸರಕಿನೊಳಗೆ ಎಷ್ಟು ನೀರಿದೆ ಅಂತ ಹೇಳುವುದಿಲ್ಲ. 1965ರಲ್ಲಿ ಬಿಡಿ ಸರಕಿನ (ಮೂಟೆ ಕಟ್ಟದೆ ಹಡಗಿಗೆ ಹಾಗೇ ಸುರಿಯುವ ಸರಕು) ಬಗ್ಗೆ ಅಂತರರಾಷ್ಟ್ರೀಯ ಸಂಹಿತೆ, ಅಂದರೆ ನಿಯಮಾವಳಿ, ಬಂದರೂ ಅದು ಬರೀ ಸಲಹೆಯಾಗಿತ್ತು. 2010ರ ಕೊನೆಯಲ್ಲಿ ಇಂಡೋನೇಷ್ಯಾದ ನಿಕಲ್ ಅದಿರು ಹೊತ್ತ ಮೂರು ಹಡಗುಗಳು ಒಂದರ ಹಿಂದೊಂದು ಮುಳುಗಿ 44 ಜನ ಸತ್ತರು. 2011ರ ಜನವರಿ 1ರಿಂದ ಹೊಸ ಸಂಹಿತೆ ಕಡ್ಡಾಯವಾಯಿತು. ಅದರಲ್ಲಿ ಕಬ್ಬಿಣದ ಅದಿರಿನ ಪುಡಿಗೇ ಪ್ರತ್ಯೇಕ ನಿಯಮ ಕಡ್ಡಾಯವಾಗಲು 2017ರವರೆಗೆ ಕಾಯಬೇಕಾಯಿತು. ನಡುವೆ, 2015ರ ಜನವರಿಯಲ್ಲಿ, ಮಲೇಷ್ಯಾದಿಂದ ಬಾಕ್ಸೈಟ್ (ಅಲ್ಯೂಮಿನಿಯಂ ಅದಿರು) ಹೊತ್ತು ಹೊರಟ 'ಬಲ್ಕ್ ಜುಪಿಟರ್' ಮುಳುಗಿತು. 19 ಜನರಲ್ಲಿ ಉಳಿದವರು ಅಡುಗೆಯವರೊಬ್ಬರೇ.

ಈ ನಿಯಮಗಳಲ್ಲಿ ನನಗೆ ಮುಖ್ಯ ಅನಿಸುವುದು ಮೊದಲ ಹೊಣೆ ಯಾರ ಮೇಲಿದೆ ಅನ್ನುವುದು. ಅದು ಸರಕು ಕಳಿಸುವವರ ಮೇಲಿದೆ. ತೇವಾಂಶದ ಸುರಕ್ಷಿತ ಮಿತಿ ಎಷ್ಟು, ರಾಶಿಯಲ್ಲಿ ನಿಜಕ್ಕೂ ಎಷ್ಟಿದೆ ಎರಡನ್ನೂ ಅವರೇ ಬರೆದುಕೊಡಬೇಕು. ಅದಿರು ಹರಿಯಲು ಶುರುವಾಗುವ ತೇವಾಂಶದ ಶೇ. 90ನ್ನೇ ಸಾಮಾನ್ಯವಾಗಿ ಮಿತಿ ಅಂತ ಹಿಡಿಯುತ್ತಾರೆ. ತೇವಾಂಶಕ್ಕೆ ಸ್ಯಾಂಪಲ್ ತೆಗೆದ ಮೇಲೆ ಏಳು ದಿನದೊಳಗೆ ಹಡಗು ತುಂಬಬೇಕು. ನಡುವೆ ಜೋರು ಮಳೆ ಬಂದರೆ ಮತ್ತೆ ಪರೀಕ್ಷೆ ಮಾಡಲೇಬೇಕು. ಗಣಿಯ ಹತ್ತಿರ, ರೈಲ್ವೆ ಸೈಡಿಂಗಿನಲ್ಲಿ ರಾಶಿಗೆ ಟಾರ್ಪಾಲ್ ಹೊದಿಸದೆ ಬಿಟ್ಟವರು, ಸುಮ್ನೆ ಹಳೆಯ ಅಂಕಿ ಬರೆದು ಸರ್ಟಿಫಿಕೇಟ್ ಕೊಟ್ಟವರು ದಡದಲ್ಲೇ ಇರುತ್ತಾರೆ. ಸಾಯುವವರು ಬೇರೆಯವರು. ಇದನ್ನು ಅಪಘಾತ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಹಡಗಿನವರ ಕೈಯಲ್ಲಿರುವುದು ಒಂದು ಸಣ್ಣ ಪರೀಕ್ಷೆ. ಅರ್ಧ ಲೀಟರಿನಿಂದ ಒಂದು ಲೀಟರ್ ಹಿಡಿಯುವ ಡಬ್ಬಕ್ಕೆ ಅರ್ಧದಷ್ಟು ಅದಿರು ತುಂಬುತ್ತಾರೆ. 20 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ಮೇಜಿನ ಮೇಲೆ ಕುಟ್ಟುತ್ತಾರೆ, ಒಂದೆರಡು ಸೆಕೆಂಡಿಗೊಮ್ಮೆ, 25 ಸಲ. ಮೇಲೆ ನೀರು ಜಿನುಗಿದರೆ ಅಥವಾ ಪುಡಿ ಕೆಸರಾದರೆ ಲೋಡಿಂಗ್ ನಿಲ್ಲಿಸಿ ಲ್ಯಾಬ್ ಪರೀಕ್ಷೆ ಮಾಡಿಸಬೇಕು. ಆದರೆ ನೀರು ಕಾಣಲಿಲ್ಲ ಅಂದ ಮಾತ್ರಕ್ಕೆ ಸರಕು ಸುರಕ್ಷಿತ ಅಂತಲ್ಲ. ಇದನ್ನು ಮರೆಯುವವರೇ ಜಾಸ್ತಿ.

2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ, ತುಮಕೂರಿನ ಗಣಿಗಾರಿಕೆಗೇ ತಡೆ ಹಾಕಿತು. ಮುಂದೆ ಗಣಿಗಳು ಹಂತಹಂತವಾಗಿ ತೆರೆದವು. 2022ರ ಮೇ ತಿಂಗಳಲ್ಲಿ ರಫ್ತಿಗೂ ಕೋರ್ಟ್ ಒಪ್ಪಿತು. ಅಂದರೆ ಗಣಿಯ ರಾಶಿಯನ್ನು ಮಳೆಯಿಂದ ಕಾಯುವ ಕೆಲಸ ಮತ್ತೆ ನಮ್ಮ ಊರಿನದ್ದೇ.

ದಾವಣಗೆರೆ, ಚಿತ್ರದುರ್ಗದಿಂದ ಮರ್ಚೆಂಟ್ ನೇವಿಗೆ ಹೋಗಬೇಕೆನ್ನುವ ಹುಡುಗ ಹುಡುಗಿಯರಿಗೆ ಒಂದು ಮಾತು. ಅದಿರು ಸುರಿಯುವಾಗ ಹೋಲ್ಡಿನ (ಹಡಗಿನೊಳಗೆ ಸರಕು ತುಂಬುವ ಜಾಗ) ಗೋಡೆಗೆ ಕೆಸರು ಸಿಡಿದಿದ್ದರೆ, ಚೂಪಾಗಿ ನಿಲ್ಲಬೇಕಾದ ರಾಶಿ ಚಪ್ಪಟೆಯಾಗುತ್ತಿದ್ದರೆ, ಮೇಲೆ ನೀರು ನಿಂತಿದ್ದರೆ ಕೂಡಲೇ ಚೀಫ್ ಆಫೀಸರ್‌ಗೆ ತಿಳಿಸಿ. ಹಡಗು ಒಂದು ದಿನ ತಡವಾದರೂ ಲಕ್ಷಾಂತರ ರೂಪಾಯಿ ನಷ್ಟ, ಹಾಗಾಗಿ ಒತ್ತಡ ಬಂದೇ ಬರುತ್ತದೆ. ಆದರೆ ಸುರಕ್ಷತೆಗಾಗಿ ಕ್ಯಾಪ್ಟನ್ ತೆಗೆದುಕೊಳ್ಳುವ ತೀರ್ಮಾನಕ್ಕೆ ಮಾಲೀಕರಾಗಲಿ, ಹಡಗು ಬಾಡಿಗೆಗೆ ಪಡೆದವರಾಗಲಿ ಅಡ್ಡ ಬರುವಂತಿಲ್ಲ. ಅಂತರರಾಷ್ಟ್ರೀಯ ಕಾನೂನಿನಲ್ಲೇ ಹಾಗಿದೆ.