ಬಿಸಿಲಿಗೆ ಬಾಡುತ್ತಿರುವ ಮೆಣಸಿನಕಾಯಿ ಗಿಡಕ್ಕೆ ಈಗ ವ್ಯಾಮ್ (ಬೇರಿಗೆ ನೆರವಾಗುವ ಶಿಲೀಂಧ್ರ) ಕೊಡಬಹುದೇ?

ಮಾರ್ಚ್ ಕಳೆಯುವುದೇ ತಡ, ಈ ಪ್ರಶ್ನೆ ಬಂದೇ ಬರುತ್ತದೆ. ಮಧ್ಯಾಹ್ನಕ್ಕೆ ಎಲೆ ಜೋತು ಬೀಳುತ್ತಿದೆ, ಹೂವು ಉದುರುತ್ತಿದೆ, ಲೀಟರಿಗೆ ಎಷ್ಟು ಗ್ರಾಂ ಬೆರೆಸಿ ಸಿಂಪಡಿಸಬೇಕು? ಹೋದ ವರ್ಷವೂ ಹೇಳಿದ್ದೆ, ಅದರ ಹಿಂದಿನ ವರ್ಷವೂ ಹೇಳಿದ್ದೆ: ಸಿಂಪಡಿಸಬೇಡಿ. ಈ ಬೆಳೆಗೆ ಕಾಲ ಮೀರಿದೆ. ಸದ್ಯಕ್ಕೆ ಬುಡಕ್ಕೆ ಒಣಹುಲ್ಲು ಹೊದಿಸಿ, ಸಂಜೆ ನೀರು ಕೊಡಿ.

ವ್ಯಾಮ್ ಔಷಧಿಯಲ್ಲ. ಔಷಧದ ಅಂಗಡಿಯಲ್ಲಿ, ಔಷಧದ ಪೊಟ್ಟಣದ ಪಕ್ಕದಲ್ಲೇ ಸಿಗುತ್ತದೆ ಎಂದ ಮಾತ್ರಕ್ಕೆ ಔಷಧಿಯಾಗುವುದಿಲ್ಲ. ಅದು ಬೇರಿನೊಳಗೆ ಬಾಳುವ ಶಿಲೀಂಧ್ರ. ಎಲೆಯ ಮೇಲೆ ಬಿದ್ದರೆ ಸತ್ತಂತೆಯೇ. ಮಣ್ಣಿನಲ್ಲಿ ಬೀಜಕ ಮೊಳೆಯಬೇಕು, ಅದರ ನೂಲಿನಂಥ ಎಳೆ ಚಿಗುರು ಬೇರನ್ನು ಮುಟ್ಟಬೇಕು, ಒಳಹೊಕ್ಕು ಜೀವಕೋಶದಲ್ಲಿ ಕವಲೊಡೆಯಬೇಕು. ಬೇರಿಗೆ ನೀಲಿ ಬಣ್ಣ ಹಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದೊಂದು ಕೋಶದಲ್ಲೂ ಪುಟ್ಟ ಮರ ನಿಂತಂತೆ ಕಾಣುತ್ತದೆ; ಎಷ್ಟು ಸಲ ನೋಡಿದರೂ ನನಗೆ ಸಾಕೆನಿಸಿಲ್ಲ. ಬೇರಿನ ತುಂಬ ಅಂಥ ಮರಗಳು ಹರಡಲು ಮೂರು ನಾಲ್ಕು ವಾರ ಬೇಕು. ಹಾಗಾಗಿ ವ್ಯಾಮ್ ಹಾಕುವ ಜಾಗ ಸಸಿಮಡಿ, ಬೀಜದ ಕೆಳಗೆ. 1982ರಲ್ಲೇ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಡಿ. ಜೆ. ಭಾಗ್ಯರಾಜ್ ಮತ್ತು ಕೆ. ಆರ್. ಶ್ರೀರಾಮುಲು ಮೆಣಸಿನ ಸಸಿಗೆ ಮೊದಲೇ ಇದನ್ನು ಕೊಟ್ಟು, ಆಮೇಲೆ ಹೊಲಕ್ಕೆ ನಾಟಿ ಮಾಡಿ, ಇಳುವರಿ ಹೆಚ್ಚಿದ್ದನ್ನೂ ರಂಜಕದ ಗೊಬ್ಬರ ಉಳಿದದ್ದನ್ನೂ ತೋರಿಸಿದರು. ನಾಲ್ಕು ದಶಕ ಕಳೆದರೂ ನಾವು ಸ್ಪ್ರೇಯರ್ ಕೆಳಗಿಟ್ಟಿಲ್ಲ.

ಬಿಸಿಲಿಗೆ ಇದು ಹೇಗೆ ಒದಗುತ್ತದೆ? ಮಣ್ಣನ್ನು ತಂಪು ಮಾಡಿ ಅಲ್ಲ. ಗಿಡ ಬೆವರುವುದರಿಂದ ತಂಪಾಗಿರುತ್ತದೆ. ನೀರು ಸಾಲದಾದಾಗ ಎಲೆಯ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ, ಆಗ ಎಲೆ ಕಾದು ಸುಡುತ್ತದೆ. ಬೇರಿನ ರೋಮವೂ ತೂರಲಾರದ ಸಂದಿಗಳಿಗೆ ಶಿಲೀಂಧ್ರದ ಎಳೆ ಇಳಿದು ನೀರು, ರಂಜಕ ತರುತ್ತದೆ; ರಂಧ್ರಗಳು ಇನ್ನಷ್ಟು ಹೊತ್ತು ತೆರೆದಿರುತ್ತವೆ. ಕಾವಿನಿಂದ ಕೋಶಗಳಿಗಾಗುವ ಹಾನಿಯನ್ನು ತಡೆಯುವ ಕಿಣ್ವಗಳೂ ಇಂಥ ಗಿಡದಲ್ಲಿ ಚುರುಕಾಗುತ್ತವೆ. ಚಳಿಯಲ್ಲೂ ಉಪಕಾರವಿದೆ: ತಣ್ಣನೆಯ ಮಣ್ಣಿನಲ್ಲಿ ಬೇರು ಮಂದವಾಗಿ ರಂಜಕ ಎಟುಕದಿದ್ದಾಗ ಎಳೆಗಳು ಎಟುಕಿಸುತ್ತವೆ. ಆದರೆ ಮಣ್ಣಿನಲ್ಲಿ ನೀರೇ ಇಲ್ಲದಿದ್ದರೆ ಅವು ಎಲ್ಲಿಂದ ತರಬೇಕು? ರಂಜಕದ ಗೊಬ್ಬರವಾದ ಡಿಎಪಿ ಧಾರಾಳವಾಗಿ ಸುರಿದ ಹೊಲದಲ್ಲಂತೂ ಗಿಡವೇ ಶಿಲೀಂಧ್ರವನ್ನು ಹತ್ತಿರ ಸೇರಿಸುವುದಿಲ್ಲ.

ಯಾರೂ ಕೇಳದಿದ್ದರೂ ಇನ್ನೊಂದು ಮಾತು. ಟ್ರೈಕೊಡರ್ಮಾ ಎಂಬ ಇನ್ನೊಂದು ಉಪಕಾರಿ ಶಿಲೀಂಧ್ರವನ್ನು ಬೆಲ್ಲದ ನೀರಿನ ಡ್ರಮ್ಮಿನಲ್ಲಿ ಹೆಚ್ಚಿಸಿದಂತೆ ವ್ಯಾಮ್ ಹೆಚ್ಚಿಸಲು ಹೋಗಿ ಹಲವರು ಬೆಲ್ಲ ಕಳೆದುಕೊಂಡಿದ್ದಾರೆ. ಅದಕ್ಕೆ ಜೀವಂತ ಬೇರೇ ಬೇಕು. ಕುಂಡದಲ್ಲಿ ಮರಳು, ಮಣ್ಣು ಬೆರೆಸಿ, ಒಂದು ಹಿಡಿ ಒಳ್ಳೆಯ ವ್ಯಾಮ್ ಹಾಕಿ, ಮೇಲೆ ಜೋಳವನ್ನೋ ರಾಗಿಯನ್ನೋ ಬಿತ್ತಿ. ಸುಮಾರು ಮೂರು ತಿಂಗಳಿಗೆ ನೀರು ನಿಲ್ಲಿಸಿ, ಪೈರು ಕೊಯ್ದು, ಬೇರನ್ನು ಸಣ್ಣಗೆ ಕತ್ತರಿಸಿ ಅದೇ ಮಣ್ಣಿಗೆ ಕಲೆಸಿ. ಮುಂದಿನ ಸಸಿಮಡಿಗೆ ಅದೇ ವ್ಯಾಮ್. ಕುಂಡಕ್ಕೆ ಸಾಸಿವೆ, ಮೂಲಂಗಿ, ಎಲೆಕೋಸು ಮಾತ್ರ ಬೇಡ. ಆ ಬೇರುಗಳಲ್ಲಿ ಈ ಶಿಲೀಂಧ್ರ ನೆಲೆಯೂರುವುದಿಲ್ಲ.